ಕೋಬೆಯಲ್ಲಿ ಕೊನೆಯ ಶನಿವಾರ, ಭಾನುವಾರ

ಪ್ರವಾಸದ ಲೇಖನಗಳನ್ನು ನೀವೂ ಓದಿದ್ದೀರಿ, ನಾನೂ ಓದಿದ್ದೇನೆ. ವಿಮಾನ ಹತ್ತಿದ್ದು, ಇಳಿದದ್ದು, ಗೋಪುರ ನೋಡಿದ್ದು, ಊಟ ಸೇರದೆ ಪೇಚಾಡಿದ್ದು ಎಲ್ಲ ಅದರಲ್ಲಿರುತ್ತದೆ. ಆದರೆ ಆ ದೇಶ ಬಿಡುವ ಮುಂಚಿನ ಎರಡು ದಿನ ಏನು ಮಾಡಿದಿರಿ ಎಂದು ಕೇಳಿ ನೋಡಿ, ಹೆಚ್ಚಿನವರಿಗೆ ನೆನಪೇ ಇರುವುದಿಲ್ಲ. ಇರುವುದಾದರೂ ಹೇಗೆ? ಪೆಟ್ಟಿಗೆಯ ಮೇಲೆ ಕೂತು ಜಿಪ್ ಎಳೆಯುವುದು, ತಕ್ಕಡಿಗೆ ನೇತುಹಾಕಿ ತೂಕ ನೋಡುವುದು, ನಾದಿನಿಗೆ ತಂದದ್ದು ಓರಗಿತ್ತಿಗೆ ಇಲ್ಲವಲ್ಲ ಎಂದು ಮತ್ತೆ ಅಂಗಡಿಗೆ ಓಡುವುದು. ಇಷ್ಟರಲ್ಲೇ ಹೊತ್ತು ಹೋಗಿರುತ್ತದೆ. ಅಲ್ಲಿ ನಮ್ಮನ್ನು ಹಚ್ಚಿಕೊಂಡಿದ್ದ ಒಂದೆರಡು ಜೀವಗಳಿಗೆ ಬಾಗಿಲಲ್ಲೇ ನಿಂತು 'ಬರ್ತೀವಿ' ಅಂದರೆ ಮುಗಿಯಿತು.

ನನಗೆ ಆ ಎರಡು ದಿನ ಪೂರ್ತಿಯಾಗಿ ಸಿಕ್ಕಿತು. ಅದರ ಕಥೆಯನ್ನೇ ನಿಮಗೆ ಹೇಳೋಣ ಅಂತ ಕೂತಿದ್ದೇನೆ.

2024ರ ಮಾರ್ಚ್ 20ಕ್ಕೆ ನಾನು ಜಪಾನಿನ ಕೋಬೆ ಎಂಬ ಊರಿಗೆ ಹೋದೆ. ಮಗಳು, ಅಳಿಯ, ಮೊಮ್ಮಗಳು ಅಲ್ಲಿದ್ದಾರೆ. ವೀಸಾ ತೊಂಬತ್ತು ದಿನದ್ದು. ಜೂನ್ 17ರ ಸೋಮವಾರ ಹೊರಡಬೇಕೆಂದು ಹೋಗುವಾಗಲೇ ಗೊತ್ತಿತ್ತು. ನಮ್ಮವರನ್ನೂ ಕರೆದೆ. "ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡೋರು ಯಾರು? ನೀ ಹೋಗಿ ಬಾ ಮಾರಾಯ್ತಿ" ಅಂದರು. ಸಾಗರದ ಅಡಿಕೆ ತೋಟಕ್ಕೂ ಅವರಿಗೂ ಮದುವೆಯಾಗಿ ನನಗಿಂತ ಹೆಚ್ಚು ವರ್ಷವಾಗಿದೆ, ನಾನೇನು ಹೇಳಲಿ! ಒಬ್ಬಳೇ ಹೊರಟೆ.

ಕೋಬೆ ನಮ್ಮ ಕಡೆಯವರಿಗೆ ಅರ್ಥವಾಗುವಂಥ ಊರು. ಬೆನ್ನಿಗೆ ರೊಕ್ಕೊ ಬೆಟ್ಟದ ಸಾಲು, ಎದುರಿಗೆ ಸಮುದ್ರ, ನಡುವಿನ ಪಟ್ಟಿಯಲ್ಲಿ ಪೇಟೆ. ಬೆಟ್ಟದ ನೆತ್ತಿ 931 ಮೀಟರು. ಅಲ್ಲಿಯವರು ದಾರಿ ಹೇಳುವಾಗ ಪೂರ್ವ ಪಶ್ಚಿಮ ಅನ್ನುವುದಕ್ಕಿಂತ 'ಬೆಟ್ಟದ ಕಡೆ', 'ಕಡಲ ಕಡೆ' ಅನ್ನುವುದೇ ಹೆಚ್ಚು. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಮಾತಾಡಿ ಬೆಳೆದವಳಿಗೆ ಇದಕ್ಕಿಂತ ಸುಲಭ ಇನ್ನೇನು ಬೇಕು? 1868ರಲ್ಲಿ ಪರದೇಶದ ಹಡಗುಗಳಿಗೆ ತೆರೆದ ಬಂದರು ಅದು. ಹಾಗಾಗಿ ನಮ್ಮ ದೇಶದ ವ್ಯಾಪಾರಿಗಳೂ ತಲೆಮಾರುಗಳಿಂದ ಅಲ್ಲಿ ನೆಲೆಸಿದ್ದಾರೆ. ಕಿತಾನೊ ಎಂಬ ಬಡಾವಣೆಯಲ್ಲಿ 1985ರಲ್ಲಿ ಕಟ್ಟಿದ ಅಮೃತಶಿಲೆಯ ಜೈನ ದೇವಾಲಯವೇ ಇದೆ. ತೊಗರಿಬೇಳೆ, ಸಾಸಿವೆ, ಇಂಗು ಸಿಗುವುದೂ ಕಷ್ಟವಿಲ್ಲ.

ಇನ್ನು ಸ್ನೇಹ ಬೆಳೆದದ್ದು ಎಲ್ಲಿ ಅಂತೀರಿ? ಕಸದ ಹತ್ತಿರ! ಅಲ್ಲಿ ಕಸ ಹಾಕುವುದೂ ಒಂದು ವಿದ್ಯೆ. ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಒಂದು ದಿನ, ಬಾಟಲಿ ಡಬ್ಬಿಗಳಿಗೆ ಇನ್ನೊಂದು ದಿನ. ಅದೂ ಬೆಳಿಗ್ಗೆ ಎಂಟರೊಳಗೆ, ಗೊತ್ತುಮಾಡಿದ ಜಾಗದಲ್ಲಿ. ನಾನು ಚೀಲ ಹಿಡಿದು ನಿಂತರೆ ಪಕ್ಕದ ಮನೆಯ ಅಜ್ಜಿ ಬಂದು, ಬಗ್ಗಿ ನಮಸ್ಕಾರ ಮಾಡಿ, ಬೆರಳಿನಲ್ಲಿ ತೋರಿಸಿ ಕಲಿಸಿದರು. ಅವರಿಗೆ ಎಂಬತ್ತೆರಡು. ನನಗೆ ಅರವತ್ತಮೂರು. ಅವರಿಗೆ ಜಪಾನಿ ಬಿಟ್ಟು ಬೇರೆ ಬಾರದು, ನನಗೆ ಜಪಾನಿ ಬಾರದು. ನಮ್ಮಿಬ್ಬರ ನಡುವೆ ದುಭಾಷಿ ಅಂದರೆ ಆರು ವರ್ಷದ ಮೊಮ್ಮಗಳು. ಅಲ್ಲಿ ಶಾಲೆ ಏಪ್ರಿಲಿನಲ್ಲಿ ಶುರು, ಅವಳು ಆ ತಿಂಗಳೇ ಒಂದನೇ ಕ್ಲಾಸಿಗೆ ಸೇರಿದ್ದಳು.

ಅವಳು ನನಗೆ ಕಲಿಸಿದ ಮೊದಲ ಪಾಠ ಹ್ರಸ್ವ ದೀರ್ಘದ್ದು. 'ಒಬಸಾನ್' ಅಂದರೆ ಅತ್ತೆಯೋ ಚಿಕ್ಕಮ್ಮನೋ. 'ಒಬಾಸಾನ್' ಎಂದು ನಡುವೆ ದೀರ್ಘ ಎಳೆದರೆ ಅಜ್ಜಿ. "ನೋಡ್ಕೊಂಡು ಹೇಳು ಅಜ್ಜಿ" ಎಂದು ಬೆರಳೆತ್ತಿ ಹೇಳುತ್ತಿದ್ದಳು. ಬಳ್ಳಿಯನ್ನೂ ಬಾಳೆಯನ್ನೂ ಬೇರೆಬೇರೆ ಬರೆಯುವ ಕನ್ನಡದವರಿಗೆ ಅದೇನು ಮಹಾ. ನಾನು ಬಾಯಿ ತುಂಬ 'ಒಬಾಸಾನ್' ಎಂದೆ, ಆಕೆಯೂ ಬಾಯಿ ತುಂಬ ನಕ್ಕರು. ಬೀದಿಯ ತಿರುವಿನಲ್ಲಿ ಹೂವಿನಂಗಡಿ ಇಟ್ಟುಕೊಂಡಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಆಮೇಲೆ ಜೊತೆಗೂಡಿದಳು. ಹೀಗೆ ನಮ್ಮದು ಮೂರೂವರೆ ಜನರ ಮಂಡಳಿ.

ಸಸ್ಯಾಹಾರಿಗೆ ಜಪಾನಿನಲ್ಲಿ ಕಷ್ಟ ಎಂದು ನೀವು ಕೇಳಿರಬಹುದು. ನಿಜ. ಅವರ ಸಾರಿನ ತಳಹದಿಯೇ 'ದಾಶಿ' ಎಂಬ ತಿಳಿ ರಸ, ಅದಕ್ಕೆ ಸಾಮಾನ್ಯವಾಗಿ ಒಣಮೀನಿನ ಹೆರಕಲು ಬೀಳುತ್ತದೆ. ನಾನು ತಿನ್ನುವುದಿಲ್ಲವೆಂದು ತಿಳಿದ ಮೇಲೆ ಒಬಾಸಾನ್ ನನಗಾಗಿ ಬೇರೆ ಪಾತ್ರೆಯಲ್ಲಿ ಕೊಂಬು ಎನ್ನುವ ಕಡಲ ಪಾಚಿಯನ್ನೂ ಒಣ ಅಣಬೆಯನ್ನೂ ರಾತ್ರಿಯಿಡೀ ನೆನೆಹಾಕಿ ರಸ ತೆಗೆದು, ಮಿಸೋ ಸಾರು ಮಾಡಿ ಕಳಿಸುತ್ತಿದ್ದರು. ಆ ಡಬ್ಬಿಯನ್ನು ನಾನು ಬರಿದಾಗಿ ಹಿಂದಕ್ಕೆ ಕೊಟ್ಟವಳಲ್ಲ. ಒಂದು ದಿನ ಕೋಡುಬಳೆ, ಒಂದು ದಿನ ರವೆ ಉಂಡೆ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂಬ ಪದ್ಧತಿ ಅಲ್ಲಿಯ ಹಳಬರಲ್ಲೂ ಉಂಟು. ಹಾಗಾಗಿ ಮೂರು ತಿಂಗಳು ಆ ಡಬ್ಬಿಗೆ ಪುರುಸೊತ್ತೇ ಇರಲಿಲ್ಲ.

ಕೊನೆಯ ವಾರ ಬಂತು. ಶುಕ್ರವಾರ ರಾತ್ರಿಯೊಳಗೆ ಪೆಟ್ಟಿಗೆ ಕಟ್ಟಿ, ತೂಕ ನೋಡಿ, ಬೀಗ ಹಾಕಿ ಮೂಲೆಗೆ ನಿಲ್ಲಿಸಿಬಿಟ್ಟೆ. ಶನಿವಾರ ಬೆಳಿಗ್ಗೆ ಎದ್ದರೆ ಮಾಡಲು ಏನೂ ಕೆಲಸವಿಲ್ಲ! ಮಗಳು, "ಅಮ್ಮಾ, ಒಸಾಕಾಕ್ಕೆ ಹೋಗಿ ಬರೋಣ್ವಾ? ಇನ್ನೂ ಕೋಟೆ ನೋಡಿಲ್ಲ" ಎಂದಳು. ಅಷ್ಟರಲ್ಲಿ ಒಬಾಸಾನ್ ಬಾಗಿಲಲ್ಲಿ ನಿಂತಿದ್ದರು. ಬಗಲಲ್ಲಿ ಒಂದು ಬುಟ್ಟಿ, ಬುಟ್ಟಿಯ ತುಂಬ ಹಳದಿ ಕಾಯಿ. ಮೊಮ್ಮಗಳು ಅನುವಾದಿಸಿದಳು: "ಅಜ್ಜಿ, ಇವತ್ತು ಉಮೆ ಉಪ್ಪು ಹಾಕೋ ದಿನ ಅಂತೆ. ನೀನು ಬಂದ್ರೆ ಬೇಗ ಆಗತ್ತಂತೆ."

ಒಸಾಕಾದ ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಉಪ್ಪಿನಕಾಯಿ ಕೆಲಸ ಕಾಯುವುದಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಹೊರಟೆ.

ಉಮೆ ಅಂದರೆ ಏಪ್ರಿಕಾಟ್ ಹಣ್ಣಿನ ಹತ್ತಿರದ ನೆಂಟ. ಬಲು ಹುಳಿ. ಜೂನ್ ತಿಂಗಳಲ್ಲಿ ಹಣ್ಣಾಗುತ್ತದೆ. ಅಲ್ಲಿಯ ಮಳೆಗಾಲ ಆಗಲೇ ಶುರುವಾಗುವುದರಿಂದ ಆ ಮಳೆಯ ಹೆಸರನ್ನು ಬರೆಯುವುದೇ 'ಉಮೆ ಮಳೆ' ಎಂದು. ಆ ವರ್ಷ ಮಳೆ ತಡವಾಗಿತ್ತು, ಶನಿವಾರ ಚುರುಕು ಬಿಸಿಲು. ಉಮೆ ಹೆಚ್ಚಾಗಿ ಬೆಳೆಯುವ ವಾಕಾಯಾಮಾ ಸೀಮೆಯಲ್ಲಿ ಫಸಲು ತೀರ ಕಮ್ಮಿಯಾಗಿ ಬೆಲೆಯೂ ಏರಿತ್ತು. ಆದರೂ ಒಬಾಸಾನ್ ಮೂರು ಕೆ.ಜಿ. ತಂದಿದ್ದರು.

ವಿಧಾನ ಕೇಳಿ, ನಿಮಗೆ ನಗು ಬರುತ್ತದೆ. ಹಣ್ಣನ್ನು ತೊಳೆದು, ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ, ಬಿದಿರು ಕಡ್ಡಿಯಿಂದ ತೊಟ್ಟು ಬಿಡಿಸಬೇಕು. ಕೆ.ಜಿ.ಗೆ 180 ಗ್ರಾಂ ಉಪ್ಪು. ಭರಣಿಯಲ್ಲಿ ಒಂದು ಪದರ ಹಣ್ಣು, ಒಂದು ಪದರ ಉಪ್ಪು ಹಾಕುತ್ತ ಬಂದು, ಮೇಲೊಂದು ಮುಚ್ಚಳ, ಅದರ ಮೇಲೆ ಭಾರ. ಕೆಲವು ದಿನದಲ್ಲಿ ಹಣ್ಣು ತಾನೇ ನೀರು ಬಿಟ್ಟು ಮುಳುಗುತ್ತದೆ. ಅರೆ, ಇದು ನಮ್ಮ ಅಪ್ಪೆಮಿಡಿಯಲ್ಲವೇ! ನಾವು ತೊಟ್ಟು ಇಟ್ಟುಕೊಳ್ಳುತ್ತೇವೆ, ಅವರು ತೆಗೆಯುತ್ತಾರೆ. ಮಿಡಿ ಚಿರುಟಿದ ಮೇಲೆ ನಾವು ಸಾಸಿವೆ, ಮೆಣಸಿನಕಾಯಿ ಅರೆದು ಹಾಕುತ್ತೇವೆ. ಅವರು ಶಿಸೋ ಎಂಬ ಕೆಂಪು ಎಲೆಯನ್ನು ಉಪ್ಪಿನಲ್ಲಿ ತಿಕ್ಕಿ ಸೇರಿಸುತ್ತಾರೆ. ಅದು ನಮ್ಮ ತುಳಸಿ, ದೊಡ್ಡಪತ್ರೆಗಳ ಕುಲದ್ದೇ ಗಿಡ. ಹಣ್ಣಿಗೆ ಕೆಂಪು ಬರುವುದು ಅದರಿಂದ. ಆಮೇಲೆ ಮಳೆಗಾಲ ಮುಗಿದು ಜುಲೈ ಕೊನೆಯ ಸುಡುಬಿಸಿಲು ಬಂದಾಗ ಮೂರು ದಿನ ಬಿದಿರು ತಟ್ಟೆಯಲ್ಲಿ ಒಣಗಿಸಿದರೆ 'ಉಮೆಬೋಶಿ' ಸಿದ್ಧ.

ನಾಲ್ಕು ಜನ ಸುತ್ತ ಕೂತು ತೊಟ್ಟು ಬಿಡಿಸಿದೆವು. ಹೂವಿನಂಗಡಿಯಾಕೆ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಬಂದಿದ್ದಳು. ಕೈ ಕೆಲಸ ಮಾಡುತ್ತಿರುವಾಗ ಭಾಷೆ ಅಷ್ಟಾಗಿ ಬೇಕಾಗುವುದಿಲ್ಲ ನೋಡಿ. "ಇದು ಕೊಳೆತಿದೆ", "ಆ ಬಟ್ಟೆ ಕೊಡು", "ಇನ್ನು ಸ್ವಲ್ಪ ಉಪ್ಪು" ಇವೆಲ್ಲ ಕಣ್ಣಲ್ಲೇ ಆಗುತ್ತದೆ. ಒದ್ದೆ ಕೈ ಭರಣಿಗೆ ಹಾಕಲು ಹೋದ ಮೊಮ್ಮಗಳ ಬೆನ್ನಿಗೆ ಒಬಾಸಾನ್ ಒಂದು ಪೆಟ್ಟು ಕೊಟ್ಟರು. ನಮ್ಮತ್ತೆಯವರ ಕೈಯಲ್ಲಿ ಅದೇ ಪೆಟ್ಟು ತಿಂದವಳು ನಾನು, ತಡೆಯಲಾರದೆ ನಕ್ಕುಬಿಟ್ಟೆ. ಕೊನೆಗೆ ಭಾರದ ಕಲ್ಲನ್ನು ನಾನು ಇಟ್ಟೆ. ಆಗ ಒಂದು ಮಾತು ತಲೆಗೆ ಬಂತು. ಇದು ಒಣಗುವಾಗ ನಾನಿರುವುದಿಲ್ಲ, ತಿನ್ನುವಾಗಲೂ ಇರುವುದಿಲ್ಲ. ಬಾಯಿಬಿಟ್ಟು ಹೇಳಲಿಲ್ಲ. ಒಬಾಸಾನ್ ನನ್ನ ಮುಖ ನೋಡಿ ಭರಣಿಯ ಮುಚ್ಚಳದ ಮೇಲೆ ಎರಡು ಸಲ ತಟ್ಟಿದರು, ಅಷ್ಟೆ.

ಭಾನುವಾರ ಅರಿಮಾಕ್ಕೆ ಹೋದೆವು. ರೊಕ್ಕೊ ಬೆಟ್ಟದ ಬೆನ್ನಿಗಿರುವ ಬಿಸಿನೀರ ಬುಗ್ಗೆಯ ಊರು. ಏಳನೆಯ ಶತಮಾನದಲ್ಲೇ ಚಕ್ರವರ್ತಿಗಳು ಮೀಯಲು ಬರುತ್ತಿದ್ದರೆಂಬ ದಾಖಲೆಯಿದೆ. ಅಲ್ಲಿ ಎಲ್ಲ ಹೆಂಗಸರೂ ಒಟ್ಟಿಗೆ ಬಟ್ಟೆ ಕಳಚಿ ಕೊಳಕ್ಕೆ ಇಳಿಯುವ ರೂಢಿ. ನಮ್ಮಂಥವರಿಗೆ ಅಷ್ಟು ಧೈರ್ಯವೆಲ್ಲಿಯದು? ಸ್ನಾನಗೃಹದ ಹೊರಗೆ ಕಾಲಷ್ಟೇ ಇಳಿಬಿಡುವ ತೊಟ್ಟಿಯೊಂದಿದೆ, ಕಾಸು ಕೊಡಬೇಕಾಗಿಲ್ಲ. ಅಲ್ಲಿ ಸಾಲಾಗಿ ಕೂತೆವು. ನೀರಲ್ಲಿ ಕಬ್ಬಿಣದ ಅಂಶವಿರುವುದರಿಂದ ಅದು ಕೆಂಗಂದು. ಅದಕ್ಕವರು 'ಚಿನ್ನದ ನೀರು' ಅನ್ನುತ್ತಾರೆ. ನನಗಂತೂ ಮೊದಲ ಮಳೆಗೆ ಅಂಗಳದಿಂದ ಹರಿಯುವ ಕೆಮ್ಮಣ್ಣಿನ ನೀರಿನ ಹಾಗೆ ಕಂಡಿತು. ಬುಗ್ಗೆಯ ಸೋಡಾ ನೀರು ಹಾಕಿ ಮಾಡಿದ, ಹಪ್ಪಳದಷ್ಟು ತೆಳುವಾದ ಸಿಹಿ ಬಿಸ್ಕತ್ತನ್ನು ಮುರಿಮುರಿದು ತಿನ್ನುತ್ತ ಒಂದು ಗಂಟೆ ಕಾಲ ಸುಮ್ಮನೆ ಕೂತಿದ್ದೆವು. ಗಂಟು, ಬಿರುಕು, ಸವೆದ ಹಿಮ್ಮಡಿಯ ಆರು ಕಾಲು, ಪುಟ್ಟ ಎರಡು ಕಾಲು. ನೀರಿನೊಳಗೆ ಯಾರದು ಯಾವ ದೇಶದ್ದೆಂದು ಹೇಳುವ ಹಾಗಿರಲಿಲ್ಲ.

ಸಂಜೆ ಊಟ ಒಬಾಸಾನ್ ಮನೆಯಲ್ಲಿ. ಅಡುಗೆ ಅರ್ಧ ನನ್ನದು, ಅರ್ಧ ಅವರದು. ಅವರು ಕೊಂಬು ರಸದ ಸಾರು, ಶುಂಠಿ ಹಾಕಿದ ತಣ್ಣನೆಯ ತೋಫು ಮಾಡಿದ್ದರು. ನಾನು ಹೆಸರುಬೇಳೆ ಸೌತೆಕಾಯಿ ಕೋಸಂಬರಿ, ಮೊಸರನ್ನ ಮಾಡಿದೆ. ಇಲ್ಲೊಂದು ಗುಟ್ಟು ಹೇಳುತ್ತೇನೆ. ಜಪಾನಿನ ಅಕ್ಕಿ ಗುಂಡಗೆ, ಬೆಂದರೆ ಅಂಟಂಟು. ಚಿತ್ರಾನ್ನಕ್ಕೆ ಅದು ಆಗದು, ಆದರೆ ಮೊಸರನ್ನಕ್ಕೆ ಅದರಂಥ ಅಕ್ಕಿ ಇಲ್ಲ! ಬಿಸಿ ಅನ್ನವನ್ನು ಮೆದುವಾಗಿ ಹಿಸುಕಿ, ಹಾಲು ಬೆರೆಸಿ ಆರಿಸಿ, ಆಮೇಲೆ ಮೊಸರು ಹಾಕಿ ಸಾಸಿವೆ ಶುಂಠಿ ಒಗ್ಗರಣೆ ಕೊಟ್ಟರೆ ಬೆಣ್ಣೆಯ ಹಾಗಿರುತ್ತದೆ.

ಮೊಸರನ್ನಕ್ಕೆ ಉಪ್ಪಿನಕಾಯಿ ಬೇಕಲ್ಲ? ನಾನು ಸನ್ನೆ ಮಾಡಿದೆ. ಒಬಾಸಾನ್ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಚಿಕ್ಕ ಭರಣಿ, ಬಾಯಿಗೆ ಕಾಗದ ಕಟ್ಟಿ ದಾರ ಸುತ್ತಿದ್ದು. ಕಾಗದದ ಮೇಲೆ ಏನೋ ಬರೆದಿತ್ತು. ಒಳಗೆ ಕಪ್ಪಗೆ ಸುಕ್ಕಿದ ಏಳೆಂಟು ಹಣ್ಣು, ಮೈಮೇಲೆ ಉಪ್ಪು ಹರಳುಗಟ್ಟಿತ್ತು. ಆಕೆ ನಿಧಾನವಾಗಿ ಹೇಳುತ್ತ ಹೋದರು. ಮೊಮ್ಮಗಳು ತುತ್ತು ನುಂಗುತ್ತ ಹೇಳುತ್ತ ಹೋದಳು.

"ಇದು 1994ದಂತೆ ಅಜ್ಜಿ. ಒಬಾಚಾನೂ ಅವರ ತಂಗಿಯೂ ಉಪ್ಪು ಹಾಕಿದ್ದಂತೆ. ತಂಗಿ ನಾಗಾತಾದಲ್ಲಿ ಇದ್ದರಂತೆ. ಆಮೇಲೆ ಚಳೀಲಿ ಭೂಮಿ ಅಲ್ಲಾಡಿತಂತೆ. ತಂಗಿ ಮನೆ ಬಿತ್ತಂತೆ, ಬೆಂಕಿ ಬಂತಂತೆ. ತಂಗಿ ಇಲ್ಲವಂತೆ." ಒಂದು ಕ್ಷಣ ಬಿಟ್ಟು, "ಭರಣಿ ಒಡೀಲಿಲ್ಲವಂತೆ" ಎಂದಳು.

ಮಗಳು ಅನ್ನದ ಸೌಟು ಹಿಡಿದವಳು ಹಾಗೇ ನಿಂತಳು. 1995ರ ಜನವರಿ 17, ಬೆಳಗಿನ ಜಾವ 5 ಗಂಟೆ 46 ನಿಮಿಷ. ಕೋಬೆಯಲ್ಲಿ ಈ ಗಳಿಗೆ ಗೊತ್ತಿಲ್ಲದವರಿಲ್ಲ. 6,434 ಜನ ಹೋದರು. ನಾಗಾತಾ ಭಾಗದಲ್ಲಿ ಮರದ ಮನೆಗಳು ಒತ್ತೊತ್ತಾಗಿದ್ದುದರಿಂದ ಬೆಂಕಿಯ ಹಾವಳಿ ವಿಪರೀತವಾಯಿತು. ಪ್ರತಿ ವರ್ಷ ಆ ದಿನ, ಅದೇ ಹೊತ್ತಿಗೆ ನಗರದ ಉದ್ಯಾನದಲ್ಲಿ ದೀಪ ಹಚ್ಚಿ ಜನ ಮೌನವಾಗಿ ನಿಲ್ಲುತ್ತಾರೆ. ಇದನ್ನೆಲ್ಲ ಮಗಳು ನನಗೆ ಮೊದಲೇ ಹೇಳಿದ್ದಳು. ಆದರೆ ಮೂರು ತಿಂಗಳು ದಿನಾ ಕಂಡ ಒಬಾಸಾನ್ ಒಮ್ಮೆಯೂ ಈ ಮಾತೆತ್ತಿರಲಿಲ್ಲ. ಈಗ ಏಳೆಂಟರಲ್ಲಿ ಒಂದನ್ನು ತೆಗೆದು ನನ್ನ ಮೊಸರನ್ನದ ನಡುವೆ ಇಟ್ಟರು.

ನಾನು ಬೇಡ ಅನ್ನಬೇಕಾಗಿತ್ತೇ? ನಿಮಗೆ ಹಾಗನ್ನಿಸಬಹುದು. ತಂಗಿಯ ಕೈಯದ್ದು ಅಷ್ಟೇ ಉಳಿದಿರುವಾಗ, ಸೋಮವಾರ ಹೊರಟುಹೋಗುವ ಪರದೇಶಿಗೆ ಯಾಕೆ? ಆದರೆ ಉಪ್ಪಿನಕಾಯಿ ಹಾಕುವ ಹೆಂಗಸರಿಗೆ ಇದು ಗೊತ್ತು: ತಿನ್ನಲಿ ಅಂತಲೇ ಅದನ್ನು ಹಾಕುವುದು. ನಾನು ತಿಂದೆ. ನಾಲಿಗೆಗೆ ಮೊದಲು ಬರೀ ಉಪ್ಪು, ಆಮೇಲೆ ಹುಳಿ, ಕೊನೆಗೆ ಎಲ್ಲೋ ಒಂದೆಳೆ ಸಿಹಿ. ಒಬಾಸಾನ್ ತಾವೂ ಒಂದು ಹಾಕಿಕೊಂಡರು. "ಒಇಶೀ?" ಎಂದರು. ರುಚಿಯಾಗಿದೆಯೇ ಎಂದು. ನಾನು ತಲೆಯಾಡಿಸಿದೆ. ಹೂವಿನಂಗಡಿಯಾಕೆ ಎದ್ದು ಹೋಗಿ ಚಹಾ ತಂದಳು. ಬೀಜವನ್ನು ತೊಳೆದು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಸೋಮವಾರ ಬೆಳಿಗ್ಗೆ ಬಸ್ಸು. ಮೂವರೂ ಬಾಗಿಲಿಗೆ ಬಂದರು. ಹೂವಿನಂಗಡಿಯಾಕೆಯ ಕೈಯಲ್ಲಿ ನೀಲಿ ಅಜಿಸಾಯಿ ಹೂವಿನ ಗೊಂಚಲಿತ್ತು, ಅದು ಕೋಬೆ ನಗರದ್ದೇ ಹೂವು. ಒಯ್ಯಲಾರೆನೆಂದು ಅವಳಿಗೂ ಗೊತ್ತಿತ್ತು. ಮೂಸಿ, ಮುಟ್ಟಿ, ಮಗಳ ಮನೆಯ ಹೂಜಿಯಲ್ಲಿಟ್ಟೆ. 'ಸಯೊನಾರಾ' ಎನ್ನಲು ಬಾಯಿ ತೆರೆದೆನೋ ಇಲ್ಲವೋ, ಮೊಮ್ಮಗಳು ಕೈ ಜಗ್ಗಿದಳು. "ಹಾಗಲ್ಲ ಅಜ್ಜಿ. ಅದು ದೂರ ಆಗೋವಾಗ. ಮನೆಯವರಿಗೆ 'ಇತ್ತೆ ಕಿಮಾಸು' ಅನ್ನಬೇಕು."

ಇತ್ತೆ ಕಿಮಾಸು ಅಂದರೆ ಏನು ಗೊತ್ತೇ? 'ಹೋಗಿ ಬರ್ತೀನಿ.' ಅಕ್ಷರಕ್ಕೆ ಅಕ್ಷರ ನಮ್ಮದೇ ಮಾತು! ಹೋಗ್ತೀನಿ ಎಂದು ಬಾಯಲ್ಲಿ ತರಬಾರದೆಂದು ನಮ್ಮಜ್ಜಿ ಗದರಿಸುತ್ತಿದ್ದರಲ್ಲ, ಅದೇ. ಉಳಿದವರು ಅದಕ್ಕೆ 'ಇತ್ತೆರಾಶ್ಶೈ', ಹೋಗಿ ಬಾ, ಅನ್ನಬೇಕು. ಶಾಲೆಗೆ ಹೋಗುವ ಮಗುವಿಗೂ ಅದೇ, ದೂರ ದೇಶಕ್ಕೆ ಹೊರಟವರಿಗೂ ಅದೇ. ಎಂಬತ್ತೆರಡು ವರ್ಷದ ಹೆಂಗಸಿಗೆ ನಾನು ಹೋಗಿ ಬರ್ತೀನಿ ಎಂದೆ. ಆಕೆ ಹೋಗಿ ಬಾ ಎಂದರು. ಇಬ್ಬರಿಗೂ ಲೆಕ್ಕ ಗೊತ್ತಿತ್ತು. ಆದರೂ ಮಾತು ಹಾಗೆಯೇ ಆಡಬೇಕು.

ನೀವೂ ಮಕ್ಕಳ ಮನೆಗೆಂದು ಪರದೇಶಕ್ಕೆ ಹೋಗುವವರೇ ಆದರೆ ನನ್ನದೊಂದು ಸಲಹೆ. ಸಾಮಾನನ್ನು ಎರಡು ದಿನ ಮುಂಚೆ ಕಟ್ಟಿಬಿಡಿ. ನೋಡದೆ ಉಳಿದ ಗೋಪುರ ಉಳಿಯಲಿ. ಹೋಟೆಲಿನಲ್ಲಿ ಹತ್ತು ಜನರನ್ನು ಸೇರಿಸಿ ಬೀಳ್ಕೊಡುಗೆ ಊಟವೂ ಬೇಡ, ಅಲ್ಲಿ ಯಾರ ಜೊತೆಗೂ ಮಾತಾಗುವುದಿಲ್ಲ. ಹಚ್ಚಿಕೊಂಡವರ ಮನೆಯಲ್ಲಿ ಕೂತು ಅವರು ಮಾಡುತ್ತಿರುವ ಕೆಲಸಕ್ಕೆ ಕೈ ಹಾಕಿ. ಬಟಾಣಿ ಸುಲಿಯಿರಿ, ಬಟ್ಟೆ ಮಡಚಿರಿ. ಮೂರು ತಿಂಗಳು ಹೇಳದ ಮಾತನ್ನು ಅವರು ಹೇಳಿದರೆ ಆಗಲೇ ಹೇಳುತ್ತಾರೆ.

ಆ ಜುಲೈ ಕೊನೆಯಲ್ಲಿ ಮಗಳು ಫೋಟೋ ಕಳಿಸಿದಳು. ಒಬಾಸಾನ್ ಮನೆಯ ಬಾಲ್ಕನಿಯಲ್ಲಿ ಬಿದಿರು ತಟ್ಟೆ, ತಟ್ಟೆಯ ತುಂಬ ಕೆಂಪಗೆ ಉಮೆ. ಪಕ್ಕದಲ್ಲಿ ಒಂದು ಚಿಕ್ಕ ಭರಣಿ. ಅದರ ಮೇಲಂಟಿಸಿದ ಚೀಟಿಯಲ್ಲಿ 2024 ಎಂದೂ ಕೆಳಗೆ ನನ್ನ ಹೆಸರೂ ಇದೆ, ಮೊಮ್ಮಗಳ ಸೊಟ್ಟ ಜಪಾನಿ ಅಕ್ಷರದಲ್ಲಿ. ಮರುವರ್ಷ ಬೇಸಿಗೆಯಲ್ಲಿ ಮಿಡಿ ಹಾಕುವಾಗ ನಾನೂ ಒಂದು ಚಿಕ್ಕ ಭರಣಿ ಬೇರೆ ತೆಗೆದಿಟ್ಟೆ. ಅದನ್ನು ಕಂಡು ನಮ್ಮವರು, "ಇದು ಯಾರಿಗೆ?" ಎಂದರು. ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ, ಅಟ್ಟದ ಮೇಲೆ ಬಿಸಿಲು ಬೀಳದ ಜಾಗ ನೋಡಿ ತಾವೇ ಎತ್ತಿಟ್ಟರು.